1 ಶಾಟ್ ಲೆಟರಿಂಗ್ ಎನಾಮಲ್: ಏರ್‌ಬ್ರಷ್‌ಗೆ ಒಗ್ಗುತ್ತದೆಯೇ?

ಇದು ಬೋರ್ಡ್ ಬರೆಯುವವರ ಕುಂಚಕ್ಕೆಂದೇ ತಯಾರಾದ ಎಣ್ಣೆ ಬಣ್ಣ. ಪಿಗ್ಮೆಂಟ್ (ಬಣ್ಣ ಕೊಡುವ ಪುಡಿ) ದಟ್ಟವಾಗಿರುವುದರಿಂದ ಅರ್ಧಕ್ಕರ್ಧ ತೆಳುಮಾಡಿದರೂ ಬಣ್ಣ ಸೋಲುವುದಿಲ್ಲ. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನಲ್ಲಿ ಇದನ್ನು ಬೋರ್ಡಿನ ಅಕ್ಷರಗಳಿಗೆ ನೆರಳು ಕೊಡಲು, ಶೇಡಿಂಗ್ ಮಾಡಲು ಧಾರಾಳವಾಗಿ ಬಳಸಬಹುದು. ಕೂದಲೆಳೆಯ ಗೆರೆಗಳಿಗೆ ಮಾತ್ರ ಬೇಡ.

ಡಬ್ಬಿಯಲ್ಲಿ ಕೆನೆ ಕಟ್ಟಿದ್ದರೆ ಕಲಕುವ ಮೊದಲೇ ಅಂಚು ಬಿಡಿಸಿ, ಇಡಿಯಾಗಿ ಎತ್ತಿ ತೆಗೆಯಿರಿ. ಕೆನೆ ಒಡೆದರೆ ಅದರ ಚೂರುಗಳೇ ನಾಜಲ್‌ನಲ್ಲಿ (ಬಣ್ಣ ಹೊರಬರುವ ಸಣ್ಣ ಮೂತಿ) ಸಿಕ್ಕಿಕೊಳ್ಳುತ್ತವೆ. ತಳದ ಪಿಗ್ಮೆಂಟ್ ಮೇಲೇಳುವವರೆಗೆ ಕಲಕಿ, ಬೇಕಾದಷ್ಟನ್ನು ಮಾತ್ರ ಬೇರೆ ಬಟ್ಟಲಿಗೆ ತೆಗೆದುಕೊಳ್ಳಿ. ಡಬ್ಬಿಗೇ ಥಿನ್ನರ್ ಸುರಿಯಬೇಡಿ.

ಎರಡು ಭಾಗ ಬಣ್ಣಕ್ಕೆ ಒಂದು ಭಾಗ ಥಿನ್ನರ್‌ನಿಂದ ಶುರುಮಾಡಿ, ಸ್ವಲ್ಪಸ್ವಲ್ಪವೇ ಸೇರಿಸುತ್ತ ಹೋಗಿ. 0.5 ಮಿ.ಮೀ. ನಾಜಲ್‌ಗೆ ಸಾಮಾನ್ಯವಾಗಿ ಸಮಸಮ ಬೇಕಾಗುತ್ತದೆ. ಬಣ್ಣದಿಂದ ಬಣ್ಣಕ್ಕೆ ಇದು ಬದಲಾಗುವುದರಿಂದ ಅಳತೆಗಿಂತ ಹದವನ್ನೇ ನಂಬಿ: ಬಟ್ಟಲಿನ ಒಳಗೋಡೆಗೆ ತಾಗಿಸಿದರೆ ಹಾಲಿನಂತೆ ಜಾರಿ, ತೆಳು ಪದರ ಉಳಿಯಬೇಕು. ಆಮೇಲೆ ನೈಲಾನ್ ಬಟ್ಟೆಯಲ್ಲಿ ಸೋಸುವುದನ್ನು ತಪ್ಪಿಸಲೇಬೇಡಿ. ಒತ್ತಡ 25 ಪಿಎಸ್ಐ ಆಸುಪಾಸಿನಲ್ಲಿರಲಿ. ಬಣ್ಣ ಹನಿಹನಿಯಾಗಿ ಸಿಡಿದರೆ ಅದು ಇನ್ನೂ ಗಟ್ಟಿ ಇದೆ ಎಂದರ್ಥ. ನೀರಾಗಿ ಎಳೆಎಳೆಯಾಗಿ ಹರಡಿದರೆ ಥಿನ್ನರ್ ಹೆಚ್ಚಾಗಿದೆ. ಥಿನ್ನರ್ ತೀರಾ ಮಿತಿಮೀರಿದರೆ ಪಿಗ್ಮೆಂಟನ್ನು ಹಿಡಿದಿಡುವ ರೆಸಿನ್ ಸಾಲದೆ ಹೊಳಪೂ ಹಿಡಿತವೂ ಹೋಗುತ್ತವೆ.

ಥಿನ್ನರ್ ಆಗಿ ಕಂಪನಿಯದೇ ರೆಡ್ಯೂಸರ್ ಅಥವಾ ಮಿನರಲ್ ಟರ್ಪೆಂಟೈನ್ ಸಾಕು. ಬೇಗ ಒಣಗಲೆಂದು ಕೆಲವರು ಲ್ಯಾಕರ್ ಥಿನ್ನರ್ ಬೆರೆಸುತ್ತಾರೆ. ಒಣಗುವುದೇನೋ ನಿಜ, ಆದರೆ ಹೊಳಪು ಕುಂದುತ್ತದೆ. ಕೆಳಗಿನ ಎನಾಮಲ್ ಕೋಟ್ ಇನ್ನೂ ಹಸಿಯಾಗಿದ್ದರೆ ಅದು ಸುಕ್ಕುಗಟ್ಟಿ ಮೇಲೇಳುತ್ತದೆ. ಹೊಳಪಿಗಾಗಿಯೇ ಈ ಬಣ್ಣ ಕೊಂಡವರಿಗೆ ಇದು ನಷ್ಟದ ದಾರಿ.

ದೊಡ್ಡ ಕೊರತೆ, ನಿಧಾನವಾಗಿ ಒಣಗುವುದು. ಗಾಳಿಯಲ್ಲಿ ಹಾರುವ ಬಣ್ಣದ ತುಂತುರು ಹಸಿಯಾಗಿಯೇ ಹೋಗಿ ಸುತ್ತಲಿನ ವಸ್ತುಗಳಿಗೆ ಅಂಟುತ್ತದೆ, ಹಾಗಾಗಿ ಮಾಸ್ಕಿಂಗ್ (ಬಣ್ಣ ತಾಗಬಾರದ ಜಾಗವನ್ನು ಮುಚ್ಚುವುದು) ಅಗಲವಾಗಿ ಮಾಡಿ. ಒಂದೇ ಸಲ ದಪ್ಪಗೆ ಹೊಡೆದರೆ ಇಳಿಯುತ್ತದೆ. ತೆಳುವಾದ ಕೋಟ್‌ಗಳನ್ನು ಬಿಡುವು ಕೊಟ್ಟು ಹಾಕಿ. ಹೊಸ ಬಣ್ಣದ ಮೇಲೆ ಟೇಪ್ ಅಂಟಿಸುವ ಮೊದಲು ಕನಿಷ್ಠ ಒಂದು ರಾತ್ರಿ ಕಾಯಿರಿ.

ಕೆಲಸ ನಿಲ್ಲಿಸಿದ ಕೂಡಲೇ ಮೊದಲು ಟರ್ಪೆಂಟೈನ್, ಕೊನೆಗೆ ಸ್ವಲ್ಪ ಲ್ಯಾಕರ್ ಥಿನ್ನರ್ ಹಾಯಿಸಿ ಏರ್‌ಬ್ರಷ್ ತೊಳೆಯಿರಿ. ಸಾಮಾನ್ಯ ರಬ್ಬರ್ ರಿಂಗ್‌ಗಳಿದ್ದರೆ ಲ್ಯಾಕರ್ ಥಿನ್ನರ್‌ಗೆ ಉಬ್ಬಿ ಕೆಡುತ್ತವೆ, ಟೆಫ್ಲಾನ್ ರಿಂಗ್‌ಗಳೇ ಬೇಕು. ಧೂಳಿನ ಮಾಸ್ಕ್ ಆವಿಯನ್ನು ತಡೆಯದು. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಹಾಕಿ, ಗಾಳಿಯಾಡುವ ಕಡೆ, ಬೆಂಕಿಯಿಂದ ದೂರ ಕೆಲಸ ಮಾಡಿ. ಬಣ್ಣ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆದರೆ ಒಣಗುವಾಗ ಒಳಗೇ ಬಿಸಿಯೇರಿ ಹೊತ್ತಿಕೊಳ್ಳಬಹುದು, ಅವನ್ನು ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಹಾಕಿಡಿ.