‘ಡ್ಯಾಮೇಜ್ ಏರಿಸುವ ಆಡ್‌ಆನ್’ ಅಂತ ಯಾರಾದರೂ ಫೈಲ್ ಕಳಿಸಿದರೆ ತೆರೆಯಬೇಡಿ

ಬ್ಲಿಝಾರ್ಡ್ ಕಂಪನಿಯ ಆನ್‌ಲೈನ್ ಆಟ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡುವವರಿಗೆ, ಅದರಲ್ಲೂ ಈಗಷ್ಟೇ ರೇಡ್‌ಗೆ (ಹಲವರು ಸೇರಿ ‘ಬಾಸ್’ ಎಂಬ ದೊಡ್ಡ ಶತ್ರುಗಳನ್ನು ಹೊಡೆಯುವುದಕ್ಕೆ) ಇಳಿದಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಆಡ್‌ಆನ್ ಅಂದರೆ ಆಟಕ್ಕೆ ಹೊರಗಿನವರು ಬರೆದು ಸೇರಿಸುವ ಚಿಕ್ಕ ಸೌಲಭ್ಯ, ಡ್ಯಾಮೇಜ್ ಅಂದರೆ ಶತ್ರುವಿಗೆ ಕೊಡುವ ಏಟಿನ ಲೆಕ್ಕ. ಆಟಗಾರರು ಚಾಟ್ ಮಾಡುವ ಡಿಸ್ಕಾರ್ಡ್ ಆ್ಯಪ್‌ನಲ್ಲಿ ‘ರೇಡ್ ಯುಐ ಪ್ಯಾಕ್’, ‘ಆಟೋ ರೊಟೇಶನ್ ಆಡ್‌ಆನ್’ ಅಂತೆಲ್ಲ ಹೆಸರಿಟ್ಟ ಜಿಪ್ ಫೈಲ್ ಬಂದರೆ ಮುಟ್ಟಬೇಡಿ. ಕಳಿಸಿದವರು ನಿಮ್ಮ ಗಿಲ್ಡ್‌ನವರೇ (ಆಟದೊಳಗಿನ ನಿಮ್ಮ ತಂಡದವರೇ) ಆಗಿದ್ದರೂ ಸರಿ, ಮುಟ್ಟಬೇಡಿ. ಇಂಥದ್ದೇ ಒಂದು ಫೈಲ್‌ನಿಂದ ನಮ್ಮ ಗಿಲ್ಡ್‌ನ ಹುಡುಗನೊಬ್ಬನ ಆಟದ ಅಕೌಂಟ್, ಇಮೇಲ್, ಡಿಸ್ಕಾರ್ಡ್ ಮೂರೂ ಒಂದೇ ರಾತ್ರಿ ಕೈಬಿಟ್ಟು ಹೋದವು. ಬೆಳಗಾಗುವಷ್ಟರಲ್ಲಿ, ಗಿಲ್ಡ್‌ನವರೆಲ್ಲ ಆಟದ ಸಾಮಾನು, ಆಟದ ಚಿನ್ನ ಕೂಡಿಡುವ ಗಿಲ್ಡ್ ಬ್ಯಾಂಕ್ ಖಾಲಿಯಾಗಿತ್ತು.

ನಾವು ಆಡುವುದು ಯುರೋಪಿನ ಸರ್ವರ್‌ನಲ್ಲಿ. ಅಲ್ಲಿ ರಾತ್ರಿ 8ಕ್ಕೆ ರೇಡ್ ಶುರುವಾದರೆ ಚಳಿಗಾಲದಲ್ಲಿ ಇಲ್ಲಿ ಹನ್ನೆರಡೂವರೆ. ಬೆಂಗಳೂರು, ಮೈಸೂರು, ದಾವಣಗೆರೆಯವರು ಕೆಲವರು, ಜರ್ಮನಿಯಲ್ಲಿ ಕೆಲಸಕ್ಕಿರುವವರು ಒಂದಿಬ್ಬರು, ಉಳಿದವರೆಲ್ಲ ಅಲ್ಲಿನವರೇ. ಮೋಸಹೋದ ಹುಡುಗ ಎಂಜಿನಿಯರಿಂಗ್ ಓದುತ್ತಿದ್ದಾನೆ, ಆಟದಲ್ಲಿ ಮೇಜ್, ಅಂದರೆ ಸ್ಪೆಲ್ (ಮಂತ್ರ) ಹಾಕಿ ಹೊಡೆಯುವ ಪಾತ್ರ ಆಡುತ್ತಾನೆ. ಆಟ ಗೊತ್ತಿಲ್ಲದವನಲ್ಲ, ಬುದ್ಧಿ ಇಲ್ಲದವನೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ವಿಷಯ ಹೊರಬಿದ್ದ ಕೂಡಲೇ ‘ಅಷ್ಟೂ ಗೊತ್ತಾಗಲಿಲ್ವಾ’ ಅಂತ ಅವನ ಮೇಲೆಯೇ ಹರಿಹಾಯ್ದವರು ನಮ್ಮಲ್ಲೂ ಇದ್ದರು.

ಅವನ ಮೇಲಿದ್ದ ಒತ್ತಡ ಎಂಥದ್ದು ಅಂತ ರೇಡ್ ಮಾಡುವವರಿಗೆ ಗೊತ್ತು. ಪ್ರತಿ ಬಾಸ್ ಮುಗಿದ ಮೇಲೂ ಡೀಟೇಲ್ಸ್ ಆಡ್‌ಆನ್ ಯಾರು ಎಷ್ಟು ಹೊಡೆದರು ಅಂತ ಪಟ್ಟಿ ಹಾಕಿ ತೋರಿಸುತ್ತದೆ. ಆಮೇಲೆ ವಾರ್‌ಕ್ರಾಫ್ಟ್ ಲಾಗ್ಸ್ ಎಂಬ ವೆಬ್‌ಸೈಟ್‌ನಲ್ಲಿ, ಅಂಥದ್ದೇ ಪಾತ್ರ ಆಡುವ ಇತರರಿಗೆ ಹೋಲಿಸಿ ನೂರಕ್ಕೆ ಅಂಕ, ಅದಕ್ಕೆ ತಕ್ಕ ಬಣ್ಣ ಬೀಳುತ್ತದೆ. 25ಕ್ಕಿಂತ ಕೆಳಗಿದ್ದರೆ ಬೂದು, ಅಲ್ಲಿಂದ ಮೇಲೆ ಹಸಿರು, ನೀಲಿ, ನೇರಳೆ, 95 ದಾಟಿದರೆ ಕಿತ್ತಳೆ. ವಾರಗಟ್ಟಲೆ ಹೆಸರಿನ ಮುಂದೆ ಬೂದು ಬಣ್ಣವನ್ನೇ ನೋಡಿದವನಿಗೆ ‘ಡ್ಯಾಮೇಜ್ ಏರಿಸುತ್ತೇನೆ’ ಅಂತ ಒಬ್ಬ ಬಂದರೆ ಕಿವಿ ನೆಟ್ಟಗಾಗುವುದು ಸಹಜ. ಮೋಸಗಾರರು ಹುಡುಕುವುದೂ ಇಂಥವರನ್ನೇ. ಲಾಗ್ ಎಲ್ಲರಿಗೂ ಕಾಣುತ್ತದೆ. ಯಾರ ಹೆಸರಿನ ಮುಂದೆ ಬೂದು ಇದೆ ಅಂತ ನೋಡಲು ಯಾರ ಅನುಮತಿಯೂ ಬೇಕಿಲ್ಲ.

ನಡೆದದ್ದು ಹೀಗೆ. ಹೊರಗಿನವರ ಜೊತೆ ಸೇರಿ ಮಾಡಿದ ಒಂದು ರೇಡ್ ಮುಗಿದ ಮೇಲೆ ಅಪರಿಚಿತನೊಬ್ಬ ಅವನಿಗೆ ವಿಸ್ಪರ್ (ಆಟದೊಳಗಿನ ಖಾಸಗಿ ಮೆಸೇಜ್) ಮಾಡಿದ. ಬಾಸ್‌ನ ಏಟಿಗೆ ಸಿಗದೆ ಓಡಾಡುವುದು ನಿನಗೆ ಚೆನ್ನಾಗಿ ಗೊತ್ತು, ಸ್ಪೆಲ್‌ಗಳ ಕ್ರಮ ಮಾತ್ರ ತಪ್ಪುತ್ತಿದೆ ಅಂದ. ಆ ಮಾತು ನಿಜವೂ ಆಗಿತ್ತು, ಅದಕ್ಕೇ ನಂಬಿಕೆ ಬಂತು. ಡಿಸ್ಕಾರ್ಡ್‌ನಲ್ಲಿ ಫ್ರೆಂಡ್ ಆದ. ಎರಡು ದಿನ ಬರೀ ಆಟದ ಮಾತು, ಒಳ್ಳೆಯ ಸಲಹೆಗಳು. ಮೂರನೆಯ ದಿನ ಲಿಂಕ್ ಬಂತು. ದೊಡ್ಡ ಗಿಲ್ಡ್‌ಗಳು ಒಳಗೊಳಗೇ ಬಳಸುವ ಆಡ್‌ಆನ್ ಇದು, ಸ್ಪೆಲ್ ಕ್ರಮವನ್ನು ತಾನೇ ನೋಡಿಕೊಳ್ಳುತ್ತದೆ, ಹೊರಗೆ ಯಾರಿಗೂ ಕೊಡಬೇಡ ಅಂದ.

ಜಿಪ್‌ಗೆ ಪಾಸ್‌ವರ್ಡ್ ಇತ್ತು. ಯಾರೂ ಕದಿಯಬಾರದು ಅಂತ ಪಾಸ್‌ವರ್ಡ್ ಅಂದನಂತೆ. ಅಸಲಿಗೆ ಪಾಸ್‌ವರ್ಡ್ ಹಾಕಿದ ಜಿಪ್‌ನ ಒಳಗೆ ಏನಿದೆ ಅಂತ ಆಂಟಿವೈರಸ್‌ಗೆ ನೋಡಲಾಗುವುದಿಲ್ಲ, ಕಾರಣ ಅಷ್ಟೇ. ಬಿಚ್ಚಿದಾಗ ಒಳಗೆ ಒಂದು ಫೋಲ್ಡರ್, ಪಕ್ಕದಲ್ಲಿ ‘ಇನ್‌ಸ್ಟಾಲ್’ ಅಂತ ಒಂದು ಫೈಲ್. ಅದಕ್ಕೂ ಫೋಲ್ಡರ್‌ನದ್ದೇ ಚಿತ್ರ ಅಂಟಿಸಿದ್ದರು. ವಿಂಡೋಸ್ ಮೊದಲಿನಿಂದಲೇ ಫೈಲ್ ಹೆಸರಿನ ಬಾಲವನ್ನು ಮುಚ್ಚಿಟ್ಟಿರುತ್ತದೆ, ಹಾಗಾಗಿ ಕೊನೆಯಲ್ಲಿದ್ದ ‘ಡಾಟ್ ಇಎಕ್ಸ್‌ಇ’ ಕಾಣಲಿಲ್ಲ. ವಿಂಡೋಸ್‌ನ ಆಂಟಿವೈರಸ್ ಡಿಫೆಂಡರ್ ಕೆಂಪು ಎಚ್ಚರಿಕೆ ತೋರಿಸಿತು. ಆಟದ ಟೂಲ್‌ಗಳಿಗೆಲ್ಲ ಅದು ಹಾಗೇ ಕೂಗುತ್ತದೆ, ಐದು ನಿಮಿಷ ಆಫ್ ಮಾಡು ಅಂತ ಆ ಕಡೆಯಿಂದ ಉತ್ತರ ರೆಡಿ ಇತ್ತು. ಆಫ್ ಮಾಡಿ ಒತ್ತಿದಾಗ ಕಪ್ಪು ವಿಂಡೋ ಒಂದು ಕಣ್ಣುಮಿಟುಕಿಸುವಷ್ಟರಲ್ಲಿ ಬಂದು ಹೋಯಿತು. ಆಟದೊಳಗೆ ಹೊಸದೇನೂ ಕಾಣಲಿಲ್ಲ. ಬೆಳಗ್ಗೆ ನೋಡೋಣ ಅಂತ ಮಲಗಿದ.

ಬೆಳಗ್ಗೆ ಏಳಕ್ಕೆ ನನಗೆ ಫೋನ್: “ಅಣ್ಣಾ, ಬ್ಯಾಟಲ್‌ನೆಟ್ ಒಳಗೇ ಬಿಡ್ತಿಲ್ಲ. ಮೇಲ್ ಪಾಸ್‌ವರ್ಡೂ ತಪ್ಪು ಅಂತಿದೆ.” ಬ್ಯಾಟಲ್‌ನೆಟ್ ಅಂದರೆ ಆಟಕ್ಕೆ ಲಾಗಿನ್ ಆಗುವ ಬ್ಲಿಝಾರ್ಡ್ ಅಕೌಂಟ್. ನಾನು ಗಿಲ್ಡ್ ಬ್ಯಾಂಕ್ ಲಾಗ್ ತೆರೆದೆ. ಅವನ ಹೆಸರಿನಲ್ಲಿ ಒಂದರ ಕೆಳಗೊಂದು ಸಾಲು. ಮದ್ದಿನ ಸೀಸೆಗಳು, ಎನ್‌ಚಾಂಟ್ ಸಾಮಾನು, ರತ್ನಗಳು, ಕೊನೆಗೆ ಚಿನ್ನ. ಅವನು ಆಫೀಸರ್ ರ‍್ಯಾಂಕ್‌ನಲ್ಲಿದ್ದ, ಆ ರ‍್ಯಾಂಕ್‌ಗೆ ದಿನದ ಮಿತಿ ಇಟ್ಟಿರಲಿಲ್ಲ. ಗಿಲ್ಡ್ ನಡೆಸುವವರು ದಯವಿಟ್ಟು ಇವತ್ತೇ ಗಿಲ್ಡ್ ಕಂಟ್ರೋಲ್ ತೆರೆದು ಪ್ರತಿ ರ‍್ಯಾಂಕ್‌ಗೂ, ಪ್ರತಿ ಟ್ಯಾಬ್‌ಗೂ ದಿನಕ್ಕೆ ಎಷ್ಟು ತೆಗೆಯಬಹುದು ಅಂತ ಸಂಖ್ಯೆ ಹಾಕಿ. ಆಗ ಒಂದು ಅಕೌಂಟ್ ಕೈತಪ್ಪಿದರೂ ಬ್ಯಾಂಕ್ ಪೂರ್ತಿ ಹೋಗುವುದಿಲ್ಲ.

ಅಷ್ಟರಲ್ಲಿ ಅವನ ಡಿಸ್ಕಾರ್ಡ್‌ನಿಂದ ನಮಗೆಲ್ಲ ಅದೇ ಲಿಂಕ್ ಬರತೊಡಗಿತ್ತು. ‘ನನ್ನ ಡ್ಯಾಮೇಜ್ ದುಪ್ಪಟ್ಟಾಯಿತು, ನೀವೂ ಹಾಕಿಕೊಳ್ಳಿ’ ಅಂತ, ಅಚ್ಚುಕಟ್ಟಾದ ಇಂಗ್ಲಿಷ್‌ನಲ್ಲಿ. ಆ ಹುಡುಗ ನಮ್ಮೊಂದಿಗೆ ಒಂದು ದಿನವೂ ಪೂರ್ತಿ ಇಂಗ್ಲಿಷ್‌ನಲ್ಲಿ ಬರೆದವನಲ್ಲ, ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವನು. ಅದನ್ನು ಗಮನಿಸಿ ನಮ್ಮಲ್ಲೊಬ್ಬರು ತಕ್ಷಣ ಎಲ್ಲರಿಗೂ ಕರೆ ಮಾಡಿದ್ದರಿಂದ ಹೆಚ್ಚಿನವರು ಉಳಿದುಕೊಂಡರು. ಜರ್ಮನ್ ಆಟಗಾರನೊಬ್ಬ ಆಗಲೇ ಒತ್ತಿಬಿಟ್ಟಿದ್ದ, ಅವನದೂ ಹೋಯಿತು.

ಹುಡುಗ ಕ್ರೋಮ್‌ನಲ್ಲಿ ಪಾಸ್‌ವರ್ಡ್‌ಗಳನ್ನೆಲ್ಲ ಉಳಿಸಿಟ್ಟಿದ್ದ, ಅವನ ತಂದೆಯ ಡೆಬಿಟ್ ಕಾರ್ಡ್ ಕೂಡ ಅಲ್ಲೇ ಇತ್ತು. ಕಾರ್ಡ್ ಬ್ಲಾಕ್ ಮಾಡಿಸಿದ್ದರಿಂದ ದುಡ್ಡು ಹೋಗಲಿಲ್ಲ. ಆದರೆ ಆ ಬೆಳಗ್ಗೆ ಅವನು ತಂದೆಯ ಮುಂದೆ ನಿಂತು ಎಲ್ಲ ಹೇಳಬೇಕಾಗಿ ಬಂತು. ಆಟದ ಸಪೋರ್ಟ್‌ಗೆ ಟಿಕೆಟ್ ಹಾಕಿದ ಮೇಲೆ ಅಕೌಂಟ್ ಮತ್ತು ಬಹುಪಾಲು ಸಾಮಾನು ವಾಪಸ್ ಬಂದವು. ಇಮೇಲ್ ಮರಳಿ ಸಿಗಲು ಅದಕ್ಕಿಂತ ಹೆಚ್ಚು ಒದ್ದಾಡಬೇಕಾಯಿತು. ಕಾಲೇಜಿನ ಕಾಗದಪತ್ರ, ಇಂಟರ್ನ್‌ಶಿಪ್ ಅರ್ಜಿ ಎಲ್ಲ ಆ ಮೇಲ್‌ನಲ್ಲೇ ಇದ್ದವು.

ಆಡ್‌ಆನ್ ನಿಜಕ್ಕೂ ಏನು ಮಾಡಬಲ್ಲದು ಅಂತ ಗೊತ್ತಿದ್ದರೆ ಇಂಥ ಮಾತು ಕಿವಿಗೆ ಬಿದ್ದ ಕೂಡಲೇ ಸುಳ್ಳು ಅಂತ ಹೊಳೆಯುತ್ತದೆ, ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಾರ್‌ಕ್ರಾಫ್ಟ್‌ನ ಆಡ್‌ಆನ್ ಅಂದರೆ ‘ಲುವಾ’ ಭಾಷೆಯಲ್ಲಿ ಬರೆದ ಪಠ್ಯದ ಫೈಲ್‌ಗಳು, ಜೊತೆಗೆ ಒಂದಿಷ್ಟು ಚಿತ್ರ, ಶಬ್ದ. ‘ಇಂಟರ್‌ಫೇಸ್’ ಫೋಲ್ಡರ್‌ನೊಳಗಿನ ‘ಆಡ್‌ಆನ್ಸ್’ಗೆ ಅದನ್ನು ಹಾಕಿದರೆ ಮುಗಿಯಿತು. ಚಿತ್ರ, ಶಬ್ದ ಬಿಟ್ಟರೆ ಲುವಾ, ಟಿಓಸಿ, ಎಕ್ಸ್‌ಎಂಎಲ್ ಬಾಲದ ಫೈಲ್‌ಗಳು ಮಾತ್ರ ಅದರ ಮೈ. ಅದನ್ನು ಓದಿ ಓಡಿಸುವುದು ಆಟವೇ. ಆಡ್‌ಆನ್‌ಗೆ ನಿಮ್ಮ ಹಾರ್ಡ್‌ಡಿಸ್ಕ್ ತೆರೆಯಲು ಬರುವುದಿಲ್ಲ, ಇಂಟರ್ನೆಟ್‌ಗೆ ಹೋಗಲು ಬರುವುದಿಲ್ಲ. ಆ ಬಾಗಿಲುಗಳನ್ನೇ ಬ್ಲಿಝಾರ್ಡ್ ಇಟ್ಟಿಲ್ಲ. ಇನ್‌ಸ್ಟಾಲ್ ಮಾಡು ಅಂತ ಕೇಳುವ, ಆಂಟಿವೈರಸ್ ಆಫ್ ಮಾಡು ಅನ್ನುವ ಫೈಲ್ ಏನೇ ಆಗಿರಬಹುದು, ಆಡ್‌ಆನ್ ಅಂತೂ ಅಲ್ಲ.

‘ತಾನೇ ಹೊಡೆಯುತ್ತದೆ’ ಅನ್ನುವುದು ಇನ್ನೂ ದೊಡ್ಡ ಸುಳ್ಳು. ಆಟ ಬಂದ ಮೊದಲ ವರ್ಷಗಳಲ್ಲಿ ಅದು ಸ್ವಲ್ಪ ಮಟ್ಟಿಗೆ ನಡೆಯುತ್ತಿತ್ತು. ಡಿಕರ್ಸಿವ್‌ನಂಥ ಆಡ್‌ಆನ್ ಯಾರಿಗೆ ಶಾಪ ತಗುಲಿದೆ ಅಂತ ತಾನೇ ಹುಡುಕಿ, ಬಟನ್ ಒತ್ತಿದರೆ ತಾನೇ ಆರಿಸಿ ಸ್ಪೆಲ್ ಬಿಡುತ್ತಿತ್ತು. 2006ರ ಕೊನೆಯಲ್ಲಿ 2.0 ಪ್ಯಾಚ್ (ಆಟದ ಅಪ್‌ಡೇಟ್) ಬಂದಾಗ ಬ್ಲಿಝಾರ್ಡ್ ಇದಕ್ಕೆ ಬೀಗ ಹಾಕಿತು. ಅಲ್ಲಿಂದ ಈಚೆಗೆ ಹೋರಾಟದ ನಡುವೆ ಯಾರಿಗೆ, ಯಾವ ಸ್ಪೆಲ್ ಅಂತ ಆಡ್‌ಆನ್ ತೀರ್ಮಾನಿಸುವಂತಿಲ್ಲ. ಸ್ಪೆಲ್ ಹೊರಡಬೇಕಾದರೆ ನಿಮ್ಮ ಬೆರಳು ಕೀ ಒತ್ತಲೇಬೇಕು. ಡಿಬಿಎಂ ಎಂಬ ಆಡ್‌ಆನ್ ಬಾಸ್‌ನ ಮುಂದಿನ ಏಟಿಗೆ ಎಷ್ಟು ಸೆಕೆಂಡ್ ಇದೆ ಅಂತ ಹೇಳುತ್ತದೆ, ಜಿಟಿಎಫ್‌ಓ ನೀವು ಬೆಂಕಿಯಲ್ಲಿ ನಿಂತರೆ ಕೂಗಿ ಎಬ್ಬಿಸುತ್ತದೆ, ಹೆಕಿಲಿ ಮುಂದಿನ ಸ್ಪೆಲ್ ಇದಾಗಲಿ ಅಂತ ಚಿತ್ರ ತೋರಿಸುತ್ತಿತ್ತು. ಯಾವುದೂ ನಿಮ್ಮ ಪರವಾಗಿ ಒತ್ತುವುದಿಲ್ಲ.

ಹಾಗಾದರೆ ತಾನೇ ಒತ್ತುವ ಪ್ರೋಗ್ರಾಂಗಳೇ ಇಲ್ಲವೇ? ಇವೆ. ಆಟದ ಹೊರಗೆ ಕೂತು ಪರದೆ ಅಥವಾ ಮೆಮೊರಿ ಓದಿ ಕೀ ಒತ್ತುವ ಅವುಗಳನ್ನು ಬಾಟ್ ಅನ್ನುತ್ತಾರೆ. 2015ರ ಮೇನಲ್ಲಿ ಆನರ್‌ಬಡ್ಡಿ ಎಂಬ ಬಾಟ್ ಬಳಸಿದವರ ಮೇಲೆ ಬ್ಲಿಝಾರ್ಡ್ ಕ್ರಮ ಕೈಗೊಂಡಾಗ 1 ಲಕ್ಷಕ್ಕೂ ಹೆಚ್ಚು ಅಕೌಂಟ್‌ಗಳು ಆರು ತಿಂಗಳ ಮಟ್ಟಿಗೆ ಬ್ಯಾನ್ ಆದವು. ಅಂದರೆ ಆ ಜಿಪ್ ಫೈಲ್ ಹೇಳಿದಂತೆಯೇ ಕೆಲಸ ಮಾಡಿದ್ದರೂ ಹುಡುಗ ಅಕೌಂಟ್ ಕಳೆದುಕೊಳ್ಳುವ ಅಪಾಯ ಇದ್ದೇ ಇತ್ತು. ಸ್ಪೆಲ್ ಕ್ರಮ ನಿಜಕ್ಕೂ ಕಷ್ಟವಾಗುತ್ತಿದ್ದರೆ 2025ರಲ್ಲಿ 11.1.7 ಪ್ಯಾಚ್‌ನೊಂದಿಗೆ ಆಟದೊಳಗೇ ಮುಂದಿನ ಸ್ಪೆಲ್ ಹೊಳೆಯುವ ಸೌಲಭ್ಯ ಬಂದಿದೆ. ಒಂದೇ ಬಟನ್ ಒತ್ತುತ್ತಾ ಹೋಗುವ ಆಯ್ಕೆಯೂ ಇದೆ, ವೇಗ ಕೊಂಚ ತಗ್ಗುತ್ತದೆ ಅಷ್ಟೇ. ದುಡ್ಡಿಲ್ಲ, ಡೌನ್‌ಲೋಡ್ ಇಲ್ಲ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಅನ್ನುವುದು ನನ್ನ ಅನಿಸಿಕೆ.

ಅಥೆಂಟಿಕೇಟರ್ (ಲಾಗಿನ್‌ಗೆ ಪಾಸ್‌ವರ್ಡ್ ಜೊತೆ ಇನ್ನೊಂದು ಗುರುತು ಕೇಳುವ ವ್ಯವಸ್ಥೆ) ಇದೆ, ನನಗೇನೂ ಆಗುವುದಿಲ್ಲ ಅಂದುಕೊಳ್ಳಬೇಡಿ. ನಮ್ಮ ಹುಡುಗನಿಗೂ ಇತ್ತು. 2014ರ ಜನವರಿಯಲ್ಲೇ ಇದರ ಪಾಠ ಆಗಿತ್ತು: ಆಡ್‌ಆನ್ ಹಾಕಲು ಎಲ್ಲರೂ ಬಳಸುತ್ತಿದ್ದ ಕರ್ಸ್ ಕ್ಲೈಂಟ್‌ನ ನಕಲಿಯನ್ನು ಯಾರೋ ಹರಿಯಬಿಟ್ಟರು. ಅದರೊಳಗಿದ್ದ ಟ್ರೋಜನ್ (ಅಡಗಿ ಕೂತ ಕಳ್ಳ ಪ್ರೋಗ್ರಾಂ), ಆಟಗಾರ ಪಾಸ್‌ವರ್ಡ್ ಮತ್ತು ಅಥೆಂಟಿಕೇಟರ್ ಕೋಡ್ ಹೊಡೆಯುವ ಆ ಗಳಿಗೆಯಲ್ಲೇ ಎರಡನ್ನೂ ಕದಿಯುತ್ತಿತ್ತು. ಈಗಿನ ಕಳ್ಳ ಪ್ರೋಗ್ರಾಂಗಳು ಕೋಡ್‌ಗೆ ಕಾಯುವುದೂ ಇಲ್ಲ. ಬ್ರೌಸರ್‌ನಲ್ಲಿ ನೀವು ಈಗಾಗಲೇ ಲಾಗಿನ್ ಆಗಿರುವ ಗುರುತನ್ನೇ, ಅಂದರೆ ಕುಕ್ಕಿಯನ್ನೇ ಎತ್ತಿಕೊಂಡು ಹೋಗುತ್ತವೆ. ಅಥೆಂಟಿಕೇಟರ್ ಇರಲೇಬೇಕು, ಆದರೆ ಕಳ್ಳನನ್ನು ನೀವೇ ಮನೆಯೊಳಗೆ ಕೂರಿಸಿದ ಮೇಲೆ ಮುಂಬಾಗಿಲ ಬೀಗ ಏನು ಮಾಡೀತು?

ಫೈಲ್ ಇಲ್ಲದೆಯೂ ಮೋಸ ನಡೆದಿದೆ. 2016ರಲ್ಲಿ ಬಯಲಾದದ್ದು ನೆನಪಿರಬಹುದು: ಅಪರಿಚಿತರು ‘ಸ್ಲ್ಯಾಶ್ ರನ್’ನಿಂದ ಶುರುವಾಗುವ ಚಿಕ್ಕ ಸಾಲೊಂದನ್ನು ಚಾಟ್‌ನಲ್ಲಿ ಹೊಡೆಯಲು ಹೇಳುತ್ತಿದ್ದರು. ಬರುವ ಚಾಟ್‌ನ ಪದಗಳ ನಡುವಿನ ಹೆಚ್ಚುವರಿ ಖಾಲಿ ಜಾಗ ಅಳಿಸಲು ಆಟ ಬಳಸುತ್ತಿದ್ದ ಫಂಕ್ಷನ್‌ನ (ಕೋಡ್ ತುಣುಕಿನ) ಬದಲಿಗೆ, ಕೋಡ್ ಓಡಿಸುವ ಫಂಕ್ಷನ್ ಅನ್ನು ಆ ಸಾಲು ತಂದು ಕೂರಿಸುತ್ತಿತ್ತು. ಆಮೇಲೆ ಅವರು ಕಳಿಸಿದ ಪ್ರತಿ ಮೆಸೇಜ್ ನಿಮ್ಮ ಆಟದಲ್ಲಿ ಆಜ್ಞೆಯಾಗಿ ಓಡುತ್ತಿತ್ತು, ಚಿನ್ನ ಟ್ರೇಡ್ ಆಗಿ ಹೋಗುತ್ತಿತ್ತು. ಬ್ಲಿಝಾರ್ಡ್ ಅದಾದ ಮೇಲೆ ಎಚ್ಚರಿಕೆಯ ಪೆಟ್ಟಿಗೆ ಸೇರಿಸಿತು. ಅದು ಬಂದಾಗ ‘ಯೆಸ್’ ಒತ್ತು ಅಂತ ಹೇಳಿಕೊಡುವವರು ಈಗಲೂ ಇದ್ದಾರೆ. ಪರದೆಯ ಮೇಲೆ ಬೇಕಾದ ಸೂಚನೆಗಳನ್ನು ತೋರಿಸುವ ವೀಕ್‌ಔರಾಸ್ ಆಡ್‌ಆನ್‌ಗೆ ಅಂತ ಕೊಡುವ ಉದ್ದದ ಅಕ್ಷರಮಾಲೆಯಲ್ಲೂ ಕೋಡ್ ಇರಬಹುದು. ಚಿನ್ನ, ಆಟದೊಳಗಿನ ಮೇಲ್ ಮುಟ್ಟುವ ಆಜ್ಞೆಗಳನ್ನು ಅದರ ತಯಾರಕರು ತಡೆದಿದ್ದಾರೆ, ಆದರೂ ಗೊತ್ತಿಲ್ಲದವರು ಕೊಟ್ಟದ್ದನ್ನು ಅಂಟಿಸದಿರುವುದು ಒಳ್ಳೆಯದು.

ಇದನ್ನು ಈಗಲೇ ಬರೆಯಲು ಇನ್ನೊಂದು ಕಾರಣವಿದೆ. ಆಟದ ಮುಂದುವರಿದ ಭಾಗವಾದ ಮಿಡ್‌ನೈಟ್ ವಿಸ್ತರಣೆಯಿಂದ ಹೋರಾಟದ ಮಾಹಿತಿಯನ್ನು ಆಡ್‌ಆನ್‌ಗಳು ಲೆಕ್ಕ ಹಾಕದಂತೆ ಮಾಡುತ್ತೇವೆ ಅಂತ ಬ್ಲಿಝಾರ್ಡ್ 2025ರಲ್ಲಿ ಹೇಳಿತು. ಡ್ಯಾಮೇಜ್ ಮೀಟರ್, ಬಾಸ್ ಎಚ್ಚರಿಕೆಗಳನ್ನು ಆಟದೊಳಗೇ ಕೊಡುವ ಯೋಜನೆ ಅದು. ಮಿಡ್‌ನೈಟ್‌ಗೆ ವೀಕ್‌ಔರಾಸ್ ತರುವುದಿಲ್ಲ ಅಂತ ಅದರ ತಯಾರಕರೂ ಹೇಳಿದರು. ವರ್ಷಗಳಿಂದ ಅದನ್ನೇ ನೆಚ್ಚಿಕೊಂಡವರು ‘ಮಿಡ್‌ನೈಟ್‌ನಲ್ಲಿ ಓಡುವ ವೀಕ್‌ಔರಾಸ್’ ಅಂತ ಹುಡುಕಿಯೇ ಹುಡುಕುತ್ತಾರೆ. ಅಂಥ ಹುಡುಕಾಟಕ್ಕೆ ಸಿಗುವುದು ಏನಾಗಿರುತ್ತದೆ ಅಂತ ನನಗೆ ನಿಜಕ್ಕೂ ಭಯವಿದೆ.

ಆಡ್‌ಆನ್ ಬೇಕಿದ್ದರೆ ಕರ್ಸ್‌ಫೋರ್ಜ್, ವಾಗೋದಂಥ ಎಲ್ಲರಿಗೂ ಗೊತ್ತಿರುವ ಜಾಗಕ್ಕೆ ವಿಳಾಸ ನೀವೇ ಟೈಪ್ ಮಾಡಿ ಹೋಗಿ. ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತಿನ ಲಿಂಕ್ ಒತ್ತಬೇಡಿ. ಗೊತ್ತಿರುವ ಜಾಗದಲ್ಲೂ ಅಪಾಯ ಸೊನ್ನೆಯಲ್ಲ. 2023ರ ಜೂನ್‌ನಲ್ಲಿ ಕರ್ಸ್‌ಫೋರ್ಜ್‌ನಲ್ಲಿದ್ದ, ಮೈನ್‌ಕ್ರಾಫ್ಟ್ ಎಂಬ ಇನ್ನೊಂದು ಆಟದ ಕೆಲವು ಮಾಡ್‌ಗಳಲ್ಲಿ (ಆ ಆಟದ ಆಡ್‌ಆನ್‌ಗಳಲ್ಲಿ) ‘ಫ್ರಾಕ್ಚರೈಸರ್’ ಎಂಬ ವೈರಸ್ ಸಿಕ್ಕಿತ್ತು, ಮಾಡ್ ಹಾಕುವವರ ಅಕೌಂಟ್‌ಗಳೇ ಕಳ್ಳರ ಕೈಸೇರಿದ್ದವು. ಮೈನ್‌ಕ್ರಾಫ್ಟ್ ಮಾಡ್ ಜಾವಾ ಪ್ರೋಗ್ರಾಂ, ಅದು ಕಂಪ್ಯೂಟರ್‌ನಲ್ಲಿ ಏನು ಬೇಕಾದರೂ ಮಾಡಬಲ್ಲದು. ಮನೆಯಲ್ಲಿ ಚಿಕ್ಕ ಮಕ್ಕಳು ಅದನ್ನು ಆಡುತ್ತಿದ್ದರೆ ಇನ್ನೂ ಹೆಚ್ಚು ಗಮನ ಬೇಕು. ಹಾಗೆಯೇ ವಿಂಡೋಸ್‌ನ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ‘ವ್ಯೂ’ಗೆ ಹೋಗಿ ಫೈಲ್ ಹೆಸರಿನ ಬಾಲ ಕಾಣುವಂತೆ ಮಾಡಿಕೊಳ್ಳಿ, ಅರ್ಧ ನಿಮಿಷದ ಕೆಲಸ.

ಈಗಾಗಲೇ ಒತ್ತಿಬಿಟ್ಟಿದ್ದರೆ ಮೊದಲು ಆ ಕಂಪ್ಯೂಟರ್‌ನ ಇಂಟರ್ನೆಟ್ ಕಿತ್ತುಹಾಕಿ. ಅದೇ ಕಂಪ್ಯೂಟರ್‌ನಲ್ಲಿ ಪಾಸ್‌ವರ್ಡ್ ಬದಲಿಸಿದರೆ ಹೊಸದೂ ಕಳ್ಳನಿಗೇ ಹೋಗುತ್ತದೆ, ಹಾಗಾಗಿ ಫೋನ್‌ನಿಂದ ಬದಲಿಸಿ: ಮೊದಲು ಇಮೇಲ್, ಆಮೇಲೆ ಬ್ಯಾಟಲ್‌ನೆಟ್, ಡಿಸ್ಕಾರ್ಡ್. ಪ್ರತಿಯೊಂದರಲ್ಲೂ ‘ಎಲ್ಲ ಸಾಧನಗಳಿಂದ ಲಾಗ್ ಔಟ್’ ಒತ್ತಿ, ಇಲ್ಲದಿದ್ದರೆ ಕದ್ದ ಕುಕ್ಕಿ ಕೆಲಸ ಮಾಡುತ್ತಲೇ ಇರುತ್ತದೆ. ಬ್ರೌಸರ್‌ನಲ್ಲಿ ಕಾರ್ಡ್ ಉಳಿಸಿದ್ದರೆ ಬ್ಯಾಂಕ್‌ಗೆ ಫೋನ್ ಮಾಡಿ ಬ್ಲಾಕ್ ಮಾಡಿಸಿ. ಗಿಲ್ಡ್ ಮಾಸ್ಟರ್‌ಗೆ ಹೇಳಿ ನಿಮ್ಮ ರ‍್ಯಾಂಕ್ ಇಳಿಸಿಕೊಳ್ಳಿ. ಆಮೇಲೆ ವಿಂಡೋಸ್ ಅನ್ನು ಹೊಸದಾಗಿ ಹಾಕಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲೂ ದೂರು ಕೊಡಿ. ಚಾಟ್‌ನ ಸ್ಕ್ರೀನ್‌ಶಾಟ್‌ಗಳನ್ನು ಅಳಿಸಬೇಡಿ, ದೂರಿಗೆ ಅವೇ ಬೇಕಾಗುತ್ತವೆ.