ಮಾರ್ಟನ್‌ರಿಂದ ಯಾನ್ಸಿಯವರೆಗೆ: ಹಳೆಯ ಪಿಯಾನೊ ಮುದ್ರಿಕೆಗಳ ಮರುಬಿಡುಗಡೆಗಳು, ದೀರ್ಘ ಬಳಕೆಯ ನಂತರ

ಆರಂಭಕಾಲದ ಜಾಝ್ ಹಾಗೂ ಬೂಗಿ-ವೂಗಿ (ಎಡಗೈ ಒಂದೇ ಮಂದ್ರ ವಿನ್ಯಾಸವನ್ನು ಬಿಡದೆ ನುಡಿಸುವ ಬ್ಲೂಸ್ ಶೈಲಿ) ಪಿಯಾನೊ ವಾದಕರ ಮರುಬಿಡುಗಡೆಗಳನ್ನು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಕರಕರ ಸದ್ದು ಎಷ್ಟಿದೆ ಎಂದು. ಹಲವು ವರ್ಷಗಳಿಂದ ಇವನ್ನು ಕೇಳುತ್ತಾ ಬಂದ ನನಗೆ ಅದು ಕೊನೆಯಲ್ಲಿ ವಿಚಾರಿಸಬಹುದಾದ ಸಂಗತಿ ಎನಿಸಿದೆ. ಯಾವ ಗ್ರಾಮಫೋನ್ ತಟ್ಟೆಯಿಂದ ಧ್ವನಿಯನ್ನು ತೆಗೆದರು, ಅದನ್ನು ಯಾವ ವೇಗದಲ್ಲಿ ತಿರುಗಿಸಿದರು, ಯಾರು ಎಂದು ಎಲ್ಲಿ ನುಡಿಸಿದರೆಂಬುದನ್ನು ಎಷ್ಟು ನಂಬಿಕೆಯಿಂದ ದಾಖಲಿಸಿದರು ಎಂಬ ಮೂರು ವಿಷಯಗಳು ಸರಿಯಾಗಿದ್ದರೆ ಸದ್ದಿಗೆ ಕಿವಿ ತಾನಾಗಿಯೇ ಒಗ್ಗಿಕೊಳ್ಳುತ್ತದೆ.

ನನ್ನ ಸಂಗ್ರಹದಲ್ಲಿ ಅತಿ ಹೆಚ್ಚು ಬಳಕೆಯಾಗಿರುವುದು ರೌಂಡರ್ ಸಂಸ್ಥೆ 2005ರಲ್ಲಿ ಹೊರತಂದ, ನ್ಯೂ ಆರ್ಲಿಯನ್ಸಿನ ಜಾಝ್ ಪಿಯಾನೊ ವಾದಕ ಜೆಲ್ಲಿ ರೋಲ್ ಮಾರ್ಟನ್ ಅವರ ಎಂಟು ಸಿ.ಡಿ.ಗಳ ಪೆಟ್ಟಿಗೆ. 1938ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನ ಕೂಲಿಜ್ ಸಭಾಂಗಣದಲ್ಲಿ, ಆಗಿನ್ನೂ ಇಪ್ಪತ್ತಮೂರರ ಹರೆಯದ ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಅವರು ಮಾರ್ಟನ್‌ರನ್ನು ಪಿಯಾನೊದ ಮುಂದೆ ಕೂರಿಸಿ, ಹೇಳಿದ್ದನ್ನೂ ನುಡಿಸಿದ್ದನ್ನೂ ಒಟ್ಟಿಗೇ ಮುದ್ರಿಸಿಕೊಳ್ಳತೊಡಗಿದರು. ಮಾರ್ಟನ್ ಮಾತಾಡುವಾಗಲೂ ಕೈ ಸುಮ್ಮನಿರುವುದಿಲ್ಲ; ನ್ಯೂ ಆರ್ಲಿಯನ್ಸಿನ ಶವಯಾತ್ರೆ, ಜೂಜುಕೋರರು, ಹಳೆಯ ವಾದಕರ ಪೈಪೋಟಿ ಇವೆಲ್ಲದರ ಕೆಳಗೆ ಪಿಯಾನೊ ಮೆಲ್ಲಗೆ ಹರಿಯುತ್ತಲೇ ಇರುತ್ತದೆ, ನೆಲಕ್ಕೆ ತಾಳ ಹಾಕುವ ಪಾದದ ಸದ್ದೂ ಸ್ಪಷ್ಟವಾಗಿ ಕೇಳುತ್ತದೆ. ನಮ್ಮ ಹರಿಕಥೆಯ ದಾಸರು ಕಥೆ, ಹಾಡು, ಉಪಕಥೆಗಳ ನಡುವೆ ಸಲೀಸಾಗಿ ಓಡಾಡುವುದನ್ನು ಕೇಳಿ ಬೆಳೆದವರಿಗೆ ಈ ಕ್ರಮ ಹೊಸದೆನಿಸದು. 'ಮೇಪಲ್ ಲೀಫ್ ರ‍್ಯಾಗ್' ಎಂಬ ಒಂದೇ ಕೃತಿಯನ್ನು ಮೊದಲು ಮಿಸೌರಿಯ ಬಾನಿಯಲ್ಲಿ, ಅನಂತರ ತಮ್ಮದೇ ಬಾನಿಯಲ್ಲಿ ನುಡಿಸಿ ತೋರಿಸುವ ಭಾಗವನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ: ಜಾಝ್‌ಗೂ ಹಿಂದಿನ ಪಿಯಾನೊ ಶೈಲಿಯಾದ ರ‍್ಯಾಗ್‌ಟೈಮ್‌ನ ಬಿಗಿ ಸಡಿಲಗೊಂಡು ಜಾಝ್ ಆಗುವುದನ್ನು ಇಷ್ಟು ನೇರವಾಗಿ ಬೇರೆಲ್ಲೂ ಕಾಣಲಾಗದು. ಜಾಝನ್ನು ಹುಟ್ಟಿಸಿದವನು ತಾನೇ ಎಂಬ ಅವರ ಬಡಾಯಿಯನ್ನು ಮಾತ್ರ ನಗುತ್ತಲೇ ಕೇಳಿಸಿಕೊಳ್ಳಬೇಕು.

ಈ ಧ್ವನಿಮುದ್ರಣಗಳು ಅದಕ್ಕೂ ಮೊದಲು ಹಲವು ಸಲ ಹೊರಬಂದಿದ್ದವು. ಆದರೆ ಬಹುಪಾಲು ತಪ್ಪು ವೇಗದಲ್ಲಿ, ಅಶ್ಲೀಲವೆನಿಸಿದ ಹಾಡುಗಳನ್ನು ಬಿಟ್ಟು. ರೌಂಡರ್ ಆವೃತ್ತಿಯಲ್ಲಿ ವೇಗವನ್ನು ಸರಿಪಡಿಸಲಾಗಿದೆ, ಬಿಟ್ಟದ್ದನ್ನೂ ಸೇರಿಸಲಾಗಿದೆ. (ಹೀಗಾಗಿ ಇಂಗ್ಲಿಷ್ ಬಲ್ಲ ಹಿರಿಯರೋ ಮಕ್ಕಳೋ ಮನೆಯಲ್ಲಿದ್ದರೆ ಕೆಲವು ಹಾಡುಗಳನ್ನು ಹೆಡ್‌ಫೋನಿನಲ್ಲೇ ಕೇಳುವುದು ಕ್ಷೇಮ.) ಈ ಪ್ರಕಟಣೆಗೆ 2006ರಲ್ಲಿ ಎರಡು ಗ್ರ‍್ಯಾಮಿ ಪ್ರಶಸ್ತಿಗಳು ಬಂದವು. ಅದರಲ್ಲೊಂದು ಜೊತೆಗಿರುವ ಟಿಪ್ಪಣಿಗಳಿಗೆ ಸಂದದ್ದು ನ್ಯಾಯವೆಂದೇ ನನ್ನ ಅಭಿಪ್ರಾಯ. ಪಿಯಾನೊ ಆಕಾರದ ಪೆಟ್ಟಿಗೆ ನೋಡಲು ಚೆನ್ನಾಗಿದೆ, ಕಪಾಟಿನಲ್ಲಿ ಇಡಲು ಮಾತ್ರ ಯಾವ ದಿಕ್ಕಿನಿಂದಲೂ ಹೊಂದುವುದಿಲ್ಲ.

ವೇಗದ ವಿಷಯವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಶ್ರುತಿಗೆ ಪಳಗಿದ ಕಿವಿಯುಳ್ಳವರಿಗೆ ಎಲ್ಲಕ್ಕಿಂತ ಹೆಚ್ಚು ಕಿರಿಕಿರಿ ಮಾಡುವುದು ಇದೇ. ಹಳೆಯ ತಟ್ಟೆಗಳನ್ನು ನಾವು 78 ಸುತ್ತಿನವು ಎನ್ನುತ್ತೇವಾದರೂ ಮುದ್ರಿಸುವಾಗ ಅವೆಲ್ಲವೂ ನಿಮಿಷಕ್ಕೆ ಕರಾರುವಾಕ್ಕಾಗಿ 78 ಸುತ್ತು ತಿರುಗುತ್ತಿರಲಿಲ್ಲ. ವೇಗದಲ್ಲಿ ಸುಮಾರು ನಾಲ್ಕೂವರೆ ಸುತ್ತಿನ ವ್ಯತ್ಯಾಸವಾದರೂ ಸಾಕು, ಶ್ರುತಿ ಅರ್ಧ ಸ್ವರದಷ್ಟು ಸರಿದುಬಿಡುತ್ತದೆ. ಜೊತೆಗೆ ಲಯವೂ ಬದಲಾಗಿ, ನಿಧಾನದ ಬ್ಲೂಸ್ ಅವಸರದ್ದಾಗುತ್ತದೆ. ಇಲ್ಲಿ ಬೂಗಿ-ವೂಗಿ ವಾದಕ ಜಿಮ್ಮಿ ಯಾನ್ಸಿ ಅವರದೊಂದು ವಿಚಿತ್ರ ಅಭ್ಯಾಸ ಕೇಳುಗನಿಗೆ ನೆರವಾಗುತ್ತದೆ. ಕೃತಿ ಯಾವ ಶ್ರುತಿಯಲ್ಲೇ ಇರಲಿ, ಅವರು ಅದನ್ನು ಪಾಶ್ಚಾತ್ಯ ಸಂಗೀತದ ಡಿ ಮತ್ತು ಇ ಸ್ವರಗಳ ನಡುವಿನ ಇ-ಫ್ಲ್ಯಾಟ್‌ಗೆ ತಂದು ಮುಗಿಸುತ್ತಿದ್ದರು. ಆದ್ದರಿಂದ ಯಾನ್ಸಿಯವರ ಯಾವುದೇ ಮರುಬಿಡುಗಡೆ ಕೈಗೆ ಬಂದಾಗ ನಾನು ಫೋನಿನ ಟ್ಯೂನರ್ ಆ್ಯಪ್ ತೆರೆದಿಟ್ಟು ಕೊನೆಯ ಸ್ವರವನ್ನು ಪರೀಕ್ಷಿಸುತ್ತೇನೆ. ಆ ಪಿಯಾನೊವೇ ಶ್ರುತಿ ತಪ್ಪಿದ್ದಿರಬಹುದಾದ್ದರಿಂದ ಇದು ಅಂತಿಮ ಸಾಕ್ಷ್ಯವಲ್ಲ. ಆದರೂ ಇ ಅಥವಾ ಡಿ ಸ್ವರದಲ್ಲಿ ನಿಲ್ಲುವ ಯಾನ್ಸಿಯನ್ನು ಅನುಮಾನದಿಂದಲೇ ನೋಡಬೇಕು.

ಬೂಗಿ-ವೂಗಿಯಲ್ಲಿ ಮೂಲ ತಟ್ಟೆಗಳ ಸ್ಥಿತಿಯೇ ದೊಡ್ಡ ತೊಡಕು. ಮೀಡ್ ಲಕ್ಸ್ ಲೂಯಿಸ್ ಅವರ 'ಹಾಂಕಿ ಟಾಂಕ್ ಟ್ರೇನ್ ಬ್ಲೂಸ್' 1927ರಲ್ಲಿ ಮೊದಲು ಮುದ್ರಣಗೊಂಡದ್ದು ಪ್ಯಾರಾಮೌಂಟ್ ಕಂಪನಿಗೆ. ವಿಸ್ಕಾನ್ಸಿನ್‌ನ ಒಂದು ಕುರ್ಚಿ ಕಾರ್ಖಾನೆಯ ಅಂಗವಾಗಿದ್ದ ಈ ಕಂಪನಿಯ ತಟ್ಟೆಗಳ ಗುಣಮಟ್ಟ ಆ ಕಾಲಕ್ಕೇ ಕುಖ್ಯಾತ. ಹೆಚ್ಚಿನ ಲೋಹದ ಅಚ್ಚುಗಳು ಉಳಿದಿಲ್ಲವಾದ್ದರಿಂದ, ಯಾರೋ ಭಾರದ ಮುಳ್ಳಿನಲ್ಲಿ ಸವೆಸಿದ ತಟ್ಟೆಯಿಂದಲೇ ಧ್ವನಿಯನ್ನು ತೆಗೆಯಬೇಕು. ಸಂಸ್ಕರಿಸುವವರು ಬೇರೆ ಬೇರೆ ಗಾತ್ರದ ಮುಳ್ಳುಗಳನ್ನು ಹಾಕಿ ನೋಡಿ, ಗೀರಿನ ಗೋಡೆಯ ಸವೆಯದ ಭಾಗವನ್ನು ಹುಡುಕಿ ಅಲ್ಲಿಂದ ಧ್ವನಿ ಎತ್ತುತ್ತಾರೆ. ಒಂದು ಮರುಬಿಡುಗಡೆಗೂ ಇನ್ನೊಂದಕ್ಕೂ ಇರುವ ಅಂತರ ಬಹುಮಟ್ಟಿಗೆ ಈ ಹಂತದಲ್ಲೇ ತೀರ್ಮಾನವಾಗುತ್ತದೆ. ಅಂದಹಾಗೆ ಆ ತಟ್ಟೆಗಳಿಗೆ ಬೇಕಾಗಿದ್ದ ಅರಗು ಬಹುಪಾಲು ಹೋಗುತ್ತಿದ್ದದ್ದು ನಮ್ಮ ದೇಶದಿಂದಲೇ. ಕರಕರ ಸದ್ದಿಗೆ ಕಾರಣ ಅರಗಿಗಿಂತ ಹೆಚ್ಚಾಗಿ ಅದಕ್ಕೆ ಬೆರೆಸುತ್ತಿದ್ದ ಕಲ್ಲಿನ ಪುಡಿ.

ಈ ತೊಡಕಿಲ್ಲದ ಬೂಗಿ-ವೂಗಿ ಬೇಕೆಂದರೆ ಅಮೆರಿಕದ ಧ್ವನಿಮುದ್ರಣ ಕಂಪನಿ ಬ್ಲೂ ನೋಟ್‌ನ ಮೊದಲ ಮುದ್ರಣಗಳನ್ನು ಕೇಳಬೇಕು. 1938ರ ಡಿಸೆಂಬರ್ 23ರಂದು ಕಾರ್ನೆಗಿ ಹಾಲ್‌ನಲ್ಲಿ ಜಾನ್ ಹ್ಯಾಮಂಡ್ ಏರ್ಪಡಿಸಿದ್ದ ಕಛೇರಿಯಲ್ಲಿ ಆಲ್ಬರ್ಟ್ ಆಮನ್ಸ್ ಮತ್ತು ಲೂಯಿಸ್ ಅವರನ್ನು ಕೇಳಿ ಬೆರಗಾದ ಬರ್ಲಿನ್ ಮೂಲದ ಆಲ್ಫ್ರೆಡ್ ಲಯನ್, 1939ರ ಜನವರಿ 6ರಂದು ಇಬ್ಬರನ್ನೂ ಸ್ಟುಡಿಯೋಗೆ ಕರೆತಂದರು. ಕಂಪನಿ ಹುಟ್ಟಿದ್ದೇ ಆ ದಿನದ ಮುದ್ರಣದಿಂದ. ಮೂರು ನಿಮಿಷದ ಹತ್ತಿಂಚಿನ ತಟ್ಟೆಯ ಬದಲು ಹನ್ನೆರಡು ಇಂಚಿನದನ್ನು ಬಳಸಿದ್ದರಿಂದ ವಾದಕರಿಗೆ ನಾಲ್ಕು ನಿಮಿಷಕ್ಕೂ ಮೀರಿದ ಅವಕಾಶ ದೊರೆಯಿತು. ಆ ಒಂದು ನಿಮಿಷದ ಬೆಲೆ ಲೂಯಿಸ್ ಅವರ ನಿಧಾನಗತಿಯ ಬ್ಲೂಸ್ ಕೇಳಿದಾಗ ತಿಳಿಯುತ್ತದೆ. ಮೊಸಾಯಿಕ್ ಸಂಸ್ಥೆ 1980ರ ದಶಕದಲ್ಲಿ ಇವನ್ನು ಮೂರು ಎಲ್.ಪಿ.ಗಳಲ್ಲಿ ತಂದಿತು. ಆಮನ್ಸ್ ಅವರ ಎಡಗೈ ಒತ್ತುವ ಮಂದ್ರದ ಸ್ವರಗಳು ಒಂದರೊಳಗೊಂದು ಕಲಸಿಹೋಗದೆ ಬಿಡಿಬಿಡಿಯಾಗಿ ಕೇಳುವುದು ಇದರ ದೊಡ್ಡ ಗುಣ. ಮೊಸಾಯಿಕ್ ನಿಗದಿತ ಪ್ರತಿಗಳನ್ನಷ್ಟೇ ಮಾರುವುದರಿಂದ ಈಗ ಸೆಕೆಂಡ್‌ಹ್ಯಾಂಡ್ ಪ್ರತಿಗಳನ್ನೇ ಹುಡುಕಬೇಕು.

ಡಾಕ್ಯುಮೆಂಟ್ ಸಂಸ್ಥೆಯ ಸಿ.ಡಿ.ಗಳ ಉದ್ದೇಶವೇ ಬೇರೆ. ಒಬ್ಬ ವಾದಕ ನುಡಿಸಿದ್ದೆಲ್ಲವನ್ನೂ ಕಾಲಾನುಕ್ರಮದಲ್ಲಿ, ತಟ್ಟೆ ಎಂಥ ಸ್ಥಿತಿಯಲ್ಲೇ ಸಿಕ್ಕಿರಲಿ, ಒದಗಿಸುವುದು ಅವರ ಪಣ. ಆಳವಾಗಿ ಕೇಳುವವರಿಗೆ ಇದಕ್ಕೆ ಪರ್ಯಾಯವಿಲ್ಲ, ಹೊಸಬರಿಗೆ ಇದು ಮೊದಲ ಖರೀದಿಯಲ್ಲ.

ಹೆಸರು ಹೇಳಲಿಚ್ಛಿಸದ ಒಂದು ಅಗ್ಗದ ದೊಡ್ಡ ಸೆಟ್ಟನ್ನೂ ನಾನು ಕೊಂಡಿದ್ದೆ. ಅದರಲ್ಲಿ ಕರಕರ ಸದ್ದೇ ಇಲ್ಲ; ಸದ್ದಿನೊಂದಿಗೆ ಪಿಯಾನೊದ ಉಸಿರೂ ಹೋಗಿದೆ. ಬೆರಳು ಕೀಲಿಗೆ ತಾಗಿದ ಕ್ಷಣದ ಚುರುಕು ಮತ್ತು ಸ್ವರ ನಿಧಾನವಾಗಿ ಕರಗುವ ಬಾಲ ಎರಡೂ, ಕರಕರ ಸದ್ದು ಇರುವ ಎತ್ತರದ ಕಂಪನಗಳಲ್ಲೇ ಬೆರೆತಿರುವುದರಿಂದ, ಒಂದನ್ನು ಒರೆಸಿದರೆ ಇನ್ನೊಂದೂ ಅಳಿಸಿಹೋಗುತ್ತದೆ. ಮುದ್ರಣದ ದಿನಾಂಕಗಳನ್ನೂ ಅದು ಕೊಟ್ಟಿಲ್ಲ, ಹೀಗಾಗಿ 1927ರ ಲೂಯಿಸ್ ಯಾವುದು, 1935ರಲ್ಲಿ ಅದೇ ಕೃತಿಯನ್ನು ಮತ್ತೆ ನುಡಿಸಿದ ಲೂಯಿಸ್ ಯಾವುದು ಎಂದು ಗುರುತಿಸುವ ಹೊಣೆ ಕೇಳುಗನ ಮೇಲೇ ಬೀಳುತ್ತದೆ. ಆನ್‌ಲೈನ್ ಸ್ಟ್ರೀಮಿಂಗ್‌ನಲ್ಲಿಯೂ ಹಲವೊಮ್ಮೆ ಇದೇ ಪಾಡು.

ಹೊಸದಾಗಿ ಆರಂಭಿಸುವವರು ಯಾನ್ಸಿ 1951ರ ಜುಲೈನಲ್ಲಿ, ಸಾವಿಗೆ ಎರಡು ತಿಂಗಳ ಮೊದಲು, ಅಟ್ಲಾಂಟಿಕ್ ಕಂಪನಿಗೆ ನುಡಿಸಿದ್ದನ್ನು ಮೊದಲು ಕೇಳಲಿ. ಧ್ವನಿ ತಿಳಿಯಾಗಿದೆ, ಪತ್ನಿ ಎಸ್ಟೆಲ್ ಅವರ ಹಾಡುಗಾರಿಕೆಯೂ ಇದೆ. ಬಳಿಕ ಬ್ಲೂ ನೋಟ್‌ನ ಆಮನ್ಸ್, ಲೂಯಿಸ್. ಅನಂತರವಷ್ಟೇ ಮಾರ್ಟನ್‌ರ ಪೆಟ್ಟಿಗೆ. ಅದನ್ನು ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ ಟಿಪ್ಪಣಿಗಳ ಪುಸ್ತಿಕೆ ಒಳಗಿದೆಯೇ ಎಂದು ಮಾರುವವರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಮಾರ್ಟನ್ ಹೆಸರಿಸುವ ಊರುಕೇರಿಗಳೂ ಮರೆತುಹೋದ ವಾದಕರೂ ಯಾರು, ಎಲ್ಲಿಯವರು ಎಂಬುದು ಅದಿಲ್ಲದೆ ತಿಳಿಯುವುದು ಕಷ್ಟ.