ಪರವಲಯದ ಶೃಂಗ: ಯಾವ ದಾರಿ ಮೇಲು?

ಪಿಯುಸಿ ಓದುತ್ತಿರುವ ಅಣ್ಣನ ಮಗಳಿಗೆ ಪರವಲಯದ (ವರ್ಗಸಮೀಕರಣದಿಂದ ಮೂಡುವ ಬಟ್ಟಲಿನಾಕಾರದ ವಕ್ರರೇಖೆಯ) ಶೃಂಗವನ್ನು, ಅಂದರೆ ಅದು ತಿರುಗುವ ತುದಿಯನ್ನು, ಕಂಡುಹಿಡಿಯಲು ಹೇಳಿಕೊಡಬೇಕಾಗಿ ಬಂದಾಗ, ಯಾವ ವಿಧಾನದಿಂದ ಆರಂಭಿಸುವುದೆಂದು ತೀರ್ಮಾನಿಸಲು ಒಂದೇ ಸಮೀಕರಣವನ್ನು ಹಲವು ರೀತಿಯಲ್ಲಿ ಬಿಡಿಸಿ ನೋಡಿದೆ. ಸಮೀಕರಣ ಇದು: ಯ = 2ಕ್ಷ² − 12ಕ್ಷ + 7.

ಎಲ್ಲಕ್ಕಿಂತ ಬೇಗ ಮುಗಿದದ್ದು ಸೂತ್ರದ ದಾರಿ. ವರ್ಗಪದದ ಸಹಗುಣಕ ಅ, ಮಧ್ಯಪದದ ಸಹಗುಣಕ ಬ ಎಂದಾದರೆ ಕ್ಷ = −ಬ/2ಅ; ಇಲ್ಲಿ 12/4, ಅಂದರೆ 3. ಅದನ್ನು ಸಮೀಕರಣದಲ್ಲಿ ಆದೇಶಿಸಿದರೆ 18 − 36 + 7 = −11, ಆದ್ದರಿಂದ ಶೃಂಗ (3, −11). ಆದರೆ ಬ ಋಣಾತ್ಮಕವಾಗಿದ್ದಾಗ ಮಕ್ಕಳು ಎರಡು ಋಣ ಚಿಹ್ನೆಗಳಲ್ಲಿ ಒಂದನ್ನು ನುಂಗಿ −3 ಎಂದು ಬರೆಯುತ್ತಾರೆ, ಮತ್ತು ಆ ತಪ್ಪನ್ನು ಎತ್ತಿ ತೋರಿಸುವ ಗುಣ ಸೂತ್ರಕ್ಕೆ ಇಲ್ಲ. ಅವಕಲನದಿಂದ, ಅಂದರೆ ವಕ್ರರೇಖೆಯ ಇಳಿಜಾರು ಸೊನ್ನೆಯಾಗುವ ಜಾಗವನ್ನು ಹುಡುಕಿ, 4ಕ್ಷ − 12 = 0 ಎಂದು ಬರೆದರೂ ತಲುಪುವುದು ಇದೇ ಸೂತ್ರಕ್ಕೆ.

ವರ್ಗವನ್ನು ಪೂರ್ಣಗೊಳಿಸುವ ವಿಧಾನ ನಿಧಾನವಾದದ್ದು, ಆದರೆ ಶೃಂಗ ಏಕೆ ಅಲ್ಲಿದೆ ಎಂಬುದನ್ನು ಅದು ಬಿಡಿಸಿ ತೋರಿಸುತ್ತದೆ. 2(ಕ್ಷ² − 6ಕ್ಷ + 9 − 9) + 7 ಎಂದು ಬರೆದ ಮೇಲೆ −9 ಆವರಣದಿಂದ ಹೊರಬರುವಾಗ 2ರಿಂದ ಗುಣಿಸಲ್ಪಟ್ಟು −18 ಆಗಬೇಕು. ನಾನು ಅದನ್ನು ಮರೆತು ಮೊದಲ ಸಲ −2 ಎಂಬ ಉತ್ತರ ಬರೆದೆ. ಸರಿಯಾದ ರೂಪ 2(ಕ್ಷ − 3)² − 11. ವರ್ಗ ಎಂದಿಗೂ ಸೊನ್ನೆಗಿಂತ ಕಡಿಮೆಯಾಗದು. ಆದುದರಿಂದ −11ಕ್ಕಿಂತ ಕೆಳಗೆ ಈ ವಕ್ರರೇಖೆ ಇಳಿಯಲಾರದು.

3ಕ್ಷ² + 5ಕ್ಷ − 4ರಂತಹ ಸಮೀಕರಣದಲ್ಲಿ ಈ ವಿಧಾನ ಭಿನ್ನರಾಶಿಗಳ ರಾಶಿಯನ್ನೇ ತಂದೊಡ್ಡುತ್ತದೆ. ಭಾಸ್ಕರಾಚಾರ್ಯರು ‘ಬೀಜಗಣಿತ’ದಲ್ಲಿ ಹೆಸರಿಸಿ ಉಲ್ಲೇಖಿಸಿರುವ ಶ್ರೀಧರಾಚಾರ್ಯರ ನಿಯಮ ನನಗೆ ನೆರವಾದದ್ದು ಅಲ್ಲಿಯೇ: ವರ್ಗಪದದ ಸಹಗುಣಕದ ನಾಲ್ಕರಷ್ಟರಿಂದ, ಅಂದರೆ 12ರಿಂದ, ಇಡೀ ಸಮೀಕರಣವನ್ನು ಮೊದಲೇ ಗುಣಿಸಿದರೆ 12ಯ = (6ಕ್ಷ + 5)² − 73 ಎಂದಾಗಿ, ಕೊನೆಯ ಸಾಲಿನವರೆಗೂ ಭಿನ್ನರಾಶಿ ಕಾಣಿಸಿಕೊಳ್ಳುವುದಿಲ್ಲ. ಶೃಂಗ (−5/6, −73/12).

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮಧ್ಯಬಿಂದುವಿನ ದಾರಿ. ಎರಡು ಮೂಲಗಳ, ಅಂದರೆ ಯ ಸೊನ್ನೆಯಾಗುವ ಎರಡು ಕ್ಷ ಬೆಲೆಗಳ, ನಡುವೆ ಶೃಂಗವಿದೆಯೆಂದು ಸಾಮಾನ್ಯವಾಗಿ ಹೇಳಿಕೊಡುತ್ತಾರೆ. ಆದರೆ ನಮ್ಮ ಮೊದಲ ಸಮೀಕರಣದ ಮೂಲಗಳಲ್ಲಿ √22 ಬರುತ್ತದೆ, ಕೆಲವು ಸಮೀಕರಣಗಳಿಗಂತೂ ವಾಸ್ತವ ಮೂಲಗಳೇ ಇರುವುದಿಲ್ಲ. ಮೂಲಗಳನ್ನು ಬಿಟ್ಟು, ಸ್ಥಿರಪದವನ್ನು ಮಾತ್ರ ಬದಿಗಿಟ್ಟರೆ 2ಕ್ಷ(ಕ್ಷ − 6) = 0 ಆಗುತ್ತದೆ: ಕ್ಷ 0 ಆದಾಗಲೂ 6 ಆದಾಗಲೂ ವಕ್ರರೇಖೆ ಒಂದೇ ಎತ್ತರದಲ್ಲಿ, 7ರಲ್ಲಿ, ಇರುವುದರಿಂದ ಸಮ್ಮಿತಿ ಅಕ್ಷ ಅವೆರಡರ ನಟ್ಟನಡುವೆ, 3ರಲ್ಲಿ, ಹಾದುಹೋಗಲೇಬೇಕು. ಇಲ್ಲಿ ಚಿಹ್ನೆ ತಪ್ಪಿದರೆ ಚಿತ್ರವೇ ಅದನ್ನು ಹೇಳಿಬಿಡುತ್ತದೆ.

ಹೀಗಾಗಿ ಹುಡುಗಿಗೆ ಮೊದಲು ಹೇಳಿಕೊಟ್ಟದ್ದು ಇದನ್ನೇ. ಸೂತ್ರವನ್ನು ವಾರದ ನಂತರಕ್ಕೆ ಇಟ್ಟುಕೊಂಡೆ. ಕ್ಷ-ಅಕ್ಷವನ್ನು ಮುಟ್ಟದ ಯ = ಕ್ಷ² + 4ಕ್ಷ + 13 ಕೊಟ್ಟಾಗ ಅವಳು 0 ಮತ್ತು −4ರಲ್ಲಿ ಒಂದೇ ಎತ್ತರದ ಎರಡು ಚುಕ್ಕೆಗಳನ್ನಿಟ್ಟು, ನಡುವೆ ಗೆರೆಯೆಳೆದು, (−2, 9) ಎಂದು ಬರೆದಳು.